ಥಂಡಿ ಹತ್ತೂದರೊಳಗ ಮನಿ ಹೆಂಗ ತಯಾರ ಮಾಡೂದು? (ಧಾರವಾಡ, ಆರ್‌ಸಿಸಿ ಮನಿ, ವಯಸ್ಸಾದ ಅಪ್ಪ-ಅವ್ವ)

ಕೆಲಗೇರಿ ರಸ್ತೆ, ಧಾರವಾಡ

ಎಲ್ಲಾರಿಗೂ ನಮಸ್ಕಾರ. ಸಲಹೆ ಬೇಕಾಗಿತ್ರಿ. ನವಲಗುಂದ ತಾಲೂಕಿನ ಊರಾಗಿದ್ದ ಅಪ್ಪ-ಅವ್ವನ್ನ ಈ ಬ್ಯಾಸಗಿಯೊಳಗ ನಮ್ಮ ಮನಿಗೆ ಕರಕೊಂಡ ಬಂದೀವಿ. ಇಬ್ಬರಿಗೂ ಎಪ್ಪತ್ತು ದಾಟೇದ, ಅಪ್ಪಗ ದಮ್ಮಿನ ತ್ರಾಸ ಅದ. ಊರಾಗಿಂದು ಮಾಳಗಿ ಮನಿ, ಎರಡು ಅಡಿ ದಪ್ಪ ಮಣ್ಣಿನ ಗೋಡಿ. ಇಲ್ಲಿಂದು ಒಂದ ಅಂತಸ್ತಿನ ಆರ್‌ಸಿಸಿ ಮನಿ, ನೆಲಕ್ಕ ಟೈಲ್ಸ್, ಅಲ್ಯುಮಿನಿಯಂ ಸರಕಿಸೂ ಕಿಡಕಿ. ಅವರು ಮಲಗೂ ಖೋಲಿ ಉತ್ತರದ ಕಡೆ ಅದ. ಮಳಿಗಾಲ ಮುಗಿಯೂ ಹೊತ್ತಿಗೆ ಆ ಖೋಲಿ ಗೋಡಿ ಕೆಳಗಿಂದ ಮೊಳಕಾಲ ಮಟ ಹಸಿ ಆಗೇದ, ಬಣ್ಣ ಎದ್ದು ಉದುರಲಿಕ್ಕತ್ತದ.

ಹಗಲ ಇನ್ನೂ ಬಿಸಲ ಅದ, ಆದ್ರ ನಸುಕಿನ್ಯಾಗ ಹೊದಿಕಿ ಎಳಕೊಳ್ಳೂ ಹಂಗ ಆಗೇದ. ಡಿಸೆಂಬರ್-ಜನವರಿಯೊಳಗ ನಮ್ಮ ಕಡೆ ನಸುಕಿಗೆ 12–14 ಡಿಗ್ರಿಗೆ ಇಳೀತದ. ಹರೇದವರಿಗೆ ಅದು ಸುಖ ಅನಸ್ತದ, ಮುದುಕರಿಗೆ ಅಲ್ಲ. ನನ್ನ ಪ್ರಶ್ನೆ ಇಷ್ಟ: ದೀಪಾವಳಿಯೊಳಗ ಗೋಡಿಗೆ ಬಣ್ಣ ಹೊಡಿಸಿ ಬಿಡ್ಲೇನು? ರೂಮ್ ಹೀಟರ್ ತರಲೇನು? ನಮ್ಮ ಕಾಕಾ ಇದ್ದಲಿ ಶೇಗಡಿ ಇಡ್ರಿ ಅಂತಾರ. ಯಾವುದು ಮೊದಲ, ಯಾವುದು ಆಮ್ಯಾಲೆ, ತಿಳಿದವರು ಹೇಳ್ರಿ.

ಕಟ್ಟಡದ ಕೆಲಸ, ಹುಬ್ಬಳ್ಳಿ

ಬಣ್ಣ ಈಗ ಬೇಡ್ರಿ. ಹಸಿ ಗೋಡೆಗೆ ಬಣ್ಣ ಹಚ್ಚಿದರೆ ದುಡ್ಡು ನೀರಾಗ ಹಾಕಿದಂಗ. ದೀಪಾವಳಿ ಗಡುವು ಇಟ್ಟುಕೊಂಡು ಎಲ್ಲಾರೂ ಪೇಂಟರ್‌ಗೆ ಅವಸರ ಮಾಡ್ತಾರೆ, ಸಂಕ್ರಾಂತಿ ಹೊತ್ತಿಗೆ ಅದೇ ಜಾಗದಾಗ ಮತ್ತೆ ಪದರು ಏಳ್ತದೆ.

ಮೊದಲು ನೀರು ಎಲ್ಲಿಂದ ಬರ್ತಿದೆ ಅನ್ನೋದು ಗೊತ್ತಾಗಬೇಕು. ಎರಡು ಅಂಗೈ ಅಗಲದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನ ಗೋಡೆಗೆ ನಾಲ್ಕೂ ಕಡೆ ಟೇಪ್ ಹಚ್ಚಿ ಬಿಗಿಯಾಗಿ ಅಂಟಿಸಿ, ಒಂದೆರಡು ದಿನ ಬಿಡಿ. ಹಾಳೆ ಹಿಂದೆ, ಗೋಡೆ ಕಡೆ ಹನಿ ಕಟ್ಟಿದ್ದರೆ ನೀರು ಗೋಡೆಯೊಳಗಿಂದ ಬರ್ತಿದೆ. ಖೋಲಿ ಕಡೆಯ ಮೈಗೆ ಹನಿ ಇದ್ದರೆ ಅದು ಮನೆಯೊಳಗಿನ ಹವಾದ ತೇವ. ಮಳೆಗಾಲದಾಗ ಬಟ್ಟೆ ಒಳಗೆ ಒಣಹಾಕೋದು, ಬಚ್ಚಲ ಬಾಗಿಲು ತೆರೆದಿಡೋದು ಇಂಥ ಕಾರಣ ಇರ್ತಾವೆ. ಹಸಿ ಬರೇ ಕೆಳಗಿನ ಒಂದೆರಡು ಅಡಿಗೆ ನಿಂತಿದೆ ಅಂದ್ರೆ ಸಾಮಾನ್ಯವಾಗಿ ನೆಲದಿಂದ ಏರಿದ್ದು. ಆದರೆ ಗೋಡೆ ಆಚೆ ಬಚ್ಚಲು ಇದ್ದರೆ ಪೈಪು ಸೋರ್ತಿದೆಯಾ ಅಂತಲೂ ನೋಡಬೇಕು.

ಥಂಡಿ ಪ್ರಶ್ನೆಗೂ ಇದಕ್ಕೂ ಏನು ಸಂಬಂಧ ಅಂತೀರಾ? ಒಣಗಿದ ಇಟ್ಟಿಗೆಯ ಸಣ್ಣ ತೂತುಗಳ ತುಂಬ ಗಾಳಿ ಇರ್ತದೆ, ಅದು ಒಳಗಿನ ಶಾಖವನ್ನ ಸುಲಭಕ್ಕೆ ಹೊರಗೆ ಬಿಡೋದಿಲ್ಲ. ಅದೇ ತೂತು ನೀರು ಕುಡಿದು ತುಂಬಿದರೆ ಆಟ ಬದಲು. ನಿಂತ ಗಾಳಿಗಿಂತ ನೀರು 20 ಪಟ್ಟಿಗೂ ಹೆಚ್ಚು ಶಾಖ ದಾಟಿಸ್ತದೆ. ಮೇಲಾಗಿ ಆ ನೀರು ಆರುವಾಗ ಗೋಡೆಯ ಶಾಖ ಎಳಕೊಂಡೇ ಆರ್ತದೆ. ಅಂಥ ಖೋಲಿಯಾಗ ಹೀಟರ್ ಹಚ್ಚಿದರೆ ನೀವು ಕಾಯಿಸೋದು ಅಪ್ಪ-ಅವ್ವನ್ನ ಅಲ್ಲ, ಗೋಡೆಯನ್ನ. ಒಣಗಿಸೋದು ಮೊದಲು, ಬೆಚ್ಚಗೆ ಮಾಡೋದು ಆಮೇಲೆ. ಈ ಸಾಲು ತಪ್ಪಿಸಬೇಡಿ.

ಇನ್ನೊಂದು ಮಾತು. ಒಳಗಿನಿಂದ ವಾಟರ್‌ಪ್ರೂಫ್ ಪುಟ್ಟಿ ಬಳಿದು ಮುಚ್ಚಿಬಿಡ್ತೀವಿ ಅಂತ ಹೇಳೋರು ಬರ್ತಾರೆ. ಒಪ್ಪಬೇಡಿ. ಕೆಳಗೆ ದಾರಿ ಸಿಗದ ನೀರು ಇನ್ನೂ ಮೇಲೆ ಏರಿ ಅಲ್ಲಿ ಹೊರಗೆ ಬರ್ತದೆ.

ಕೆಲಗೇರಿ ರಸ್ತೆ, ಧಾರವಾಡ

ಹಾಳೆ ಅಂಟಿಸಿ ನೋಡಿದೆ ಸರ. ಗೋಡಿ ಕಡೆಗೇ ಹನಿ. ಆ ಕಡೆ ಬಚ್ಚಲ ಇಲ್ಲ. ಹೊರಗ ಹೋಗಿ ನೋಡಿದ್ರ ಗೋಡಿಗೆ ಹತ್ತಿ ಹಿಂದಿನ ಮಾಲಕರು ಕಟ್ಟಿಸಿದ ಹೂವಿನ ಪಾತಿ ಅದ. ಮಣ್ಣು ಪ್ಲಿಂತಿಗಿಂತ (ಮನಿ ಬುನಾದಿ ಕಟ್ಟಿಗಿಂತ) ಗೇಣು ಮ್ಯಾಲೆ ಏರೇದ. ಅವ್ವ ಊರಿಂದ ತಂದ ದಾಸಾಳ, ಸೇವಂತಿಗಿ ಎಲ್ಲಾ ಅಲ್ಲೇ ಹಚ್ಚ್ಯಾಳ, ದಿನಾ ಎರಡ ಹೊತ್ತು ನೀರು.

ಕಟ್ಟಡದ ಕೆಲಸ, ಹುಬ್ಬಳ್ಳಿ

ಅಲ್ಲಿಗೆ ಕಾರಣ ಸಿಕ್ಕಿತಲ್ರಿ. ಗೋಡೆಯೊಳಗೆ ತೇವ ತಡೆಯೋ ಪದರು ಪ್ಲಿಂತ್ ಮಟ್ಟದಾಗ ಇರ್ತದೆ. ಮಣ್ಣು ಅದಕ್ಕಿಂತ ಮೇಲೆ ಬಂದರೆ ನೀರು ಅದನ್ನ ದಾಟಿ ಬದಿಯಿಂದ ನುಗ್ತದೆ. ಪಾತಿ ಮಣ್ಣು ತೆಗೆದು ಪ್ಲಿಂತಿಗಿಂತ ಗೇಣು ಕೆಳಗೆ ಬರೋ ಹಂಗೆ ಮಾಡಿಸಿ. ಗೋಡೆ ಬುಡದಿಂದ ಎರಡು-ಮೂರು ಅಡಿ ಅಗಲಕ್ಕೆ ಹೊರಗೆ ಇಳಿಜಾರು ಇರೋ ಕಾಂಕ್ರೀಟ್ ಪಟ್ಟಿ ಹಾಕಿಸಿ. ಅಮ್ಮಾರ ಗಿಡ ಕಂಪೌಂಡ್ ಕಡೆಗೆ ಸರಿಸಿದರೆ ಆಯ್ತು, ಗಿಡಕ್ಕೂ ಅಲ್ಲಿ ಬಿಸಿಲು ಹೆಚ್ಚು.

ಒಳಗೆ ಎದ್ದ ಪದರನ್ನ ಕೆರೆದು ತೆಗೀರಿ. ಬಿಳಿ ಪುಡಿ ಕಾಣ್ತದಲ್ಲ, ಅದು ಉಪ್ಪು. ಒಣ ಬ್ರಶ್‌ನಿಂದ ಉಜ್ಜಿ ಮೊರದಾಗ ತುಂಬಿ ಹೊರಗೆ ಚೆಲ್ಲಿ, ನೀರಿನಿಂದ ತೊಳೀಬೇಡಿ. ತೊಳೆದರೆ ಉಪ್ಪು ಕರಗಿ ಮತ್ತೆ ಗೋಡೆಯೊಳಗೇ ಹೋಗ್ತದೆ. ಈ ಕೆಲಸ ಮಾಡುವಾಗ ತಂದೆಯವರು ಆ ಕಡೆ ಸುಳೀಬಾರದು, ದಮ್ಮಿನವರಿಗೆ ಆ ಧೂಳು ಒಳ್ಳೇದಲ್ಲ. ಆಮೇಲೆ ಹಗಲೆಲ್ಲ ಕಿಟಕಿ ತೆರೆದು ಫ್ಯಾನ್ ಹಾಕಿ ಒಣಗಲಿಕ್ಕೆ ಬಿಡಿ. ದಪ್ಪ ಗೋಡೆ ವಾರದಾಗ ಒಣಗೋದಿಲ್ಲ, ತಿಂಗಳುಗಟ್ಟಲೆ ಬೇಕು. ಹಬ್ಬಕ್ಕೆ ಬರೇ ಗೋಡೆ ಕಾಣಬಾರದು ಅಂದ್ರೆ ಆ ಭಾಗಕ್ಕೆ ಸುಣ್ಣ ಬಳೀರಿ. ಸುಣ್ಣದೊಳಗಿಂದ ತೇವ ಹೊರಗೆ ಹೋಗ್ತದೆ, ಪೇಂಟ್ ತಡೀತದೆ.

ಎರಿ ಹೊಲ, ಅಣ್ಣಿಗೇರಿ

ಧಾರವಾಡದ ಪಶ್ಚಿಮಕ್ಕ ಇದ್ದವರಿಗೆ ಇಷ್ಟ ಸಾಕು. ಆದ್ರ ನಮ್ಮಂಥ ಎರಿ ಭೂಮಿಯವರು ಇದನ್ನ ಓದಿ ಈಗಲೇ ಬಿರಕಿಗೆ ಸಿಮೆಂಟ್ ತುಂಬಾಕ ಹೋಗಬ್ಯಾಡ್ರಿ. ಎರಿ ಮಣ್ಣು ನೀರು ಕುಡದ್ರ ಉಬ್ಬತೈತಿ, ಒಣಗಿದ್ರ ಕುಗ್ಗತೈತಿ. ಹೊಲ ಬಿರಿದಂಗ ಮನಿ ಗೋಡಿನೂ ಕಿಡಕಿ ಮೂಲಿಯಿಂದ ಓರೆಯಾಗಿ ಬಿರಿತೈತಿ. ಈಗ ನೆಲ ಹಸಿ ಇದ್ದಾಗ ಬಿರಕು ಮುಚ್ಚಿಕೊಂಡಿರತೈತಿ, ಸಂಕ್ರಾಂತಿ ದಾಟಿದ ಮ್ಯಾಲೆ ಬಾಯಿ ಬಿಡತೈತಿ. ಗಟ್ಟಿ ಸಿಮೆಂಟ್ ತುಂಬಿದ್ರ ಅದರ ಬಾಜೂಕ ಹೊಸಾ ಬಿರಕು ಬರತೈತಿ.

ಮತ್ತ ಮಳಿ ಮುಗದಿಲ್ಲರಿ ಇನ್ನ. ಚಿತ್ತಿ ಮಳಿ, ಸ್ವಾತಿ ಮಳಿ ಬಾಕಿ ಅದಾವು. ನಮಗ ಹಿಂಗಾರಿ ಜ್ವಾಳ, ಕಡ್ಲಿ ಬದುಕೂದು ಅವುಗಳ ಮ್ಯಾಲೆ. ಅಕ್ಟೋಬರದಾಗ ಮೂಡ ಕಡೆಯಿಂದ ಒಮ್ಮೊಮ್ಮೆ ಹೊಡತದ ಮಳಿ ಬರತೈತಿ. ಮಾಳಗಿ ಮನಿ ಇದ್ದವರು ಮ್ಯಾಲಿನ ಮಣ್ಣು ಕೆದರಿ ಹೊಸಾ ಮಣ್ಣು ಹಾಕೂದಿದ್ರ ಸ್ವಾತಿ ಮಳಿ ದಾಟೂತನಕ ತಡೀರಿ. ಸ್ಲ್ಯಾಬ್ ಮನಿಯವರು ಈಗಲೇ ಮ್ಯಾಲೆ ಹತ್ತಿ ನೀರು ಇಳಿಯೂ ಪೈಪಿನ ಬಾಯಾಗಿನ ಎಲಿ, ಕಸ ತಗೀರಿ.

ಕಟ್ಟಡದ ಕೆಲಸ, ಹುಬ್ಬಳ್ಳಿ

ಅಣ್ಣಾರು ಹೇಳಿದ್ದು ಖರೆ. ಎರಿ ಭೂಮಿಯಾಗ ಬಿರುಕಿಗೆ ಹಿಗ್ಗಿ-ಕುಗ್ಗೋ ಸೀಲಂಟ್ ತುಂಬಬೇಕು, ಅದೂ ಬಿರುಕು ಪೂರ್ತಿ ತೆರೆದಾಗ. ಮನೆ ಸುತ್ತ ನೀರು ನಿಲ್ಲದ ಹಂಗೆ ನೋಡಿಕೊಂಡರೆ ಮಣ್ಣಿನ ಏರಿಳಿತವೇ ಕಡಿಮೆ ಆಗ್ತದೆ.

ಮಗ್ಗದ ಓಣಿ, ಬೆಟಗೇರಿ

ತಮ್ಮಾ, ಗೋಡಿ ಮಾತು ಗಂಡಸರು ಹೇಳ್ಯಾರ, ನಾನು ಹಾಸಗಿ ಮಾತು ಹೇಳ್ತೀನಿ. ನಿಮ್ಮ ಅವ್ವಾರ ಹತ್ರ ಕೌದಿ ಇದ್ದಾವೇನು ಕೇಳು. ಊರಿಂದ ಬಂದವರ ಟ್ರಂಕಿನ್ಯಾಗ ಇಲ್ಲದ ಇರೂದಿಲ್ಲ.

ನಮ್ಮ ಕಡೆ ನವರಾತ್ರಿಗೆ ಘಟ ಹಾಕೂದರೊಳಗ ಮನಿಯಾಗಿನ ಕೌದಿ ಎಲ್ಲಾ ತೊಳಿಯೂ ಪದ್ಧತಿ ಐತಿ. ಮೊದಲ ಹಳ್ಳಕ್ಕ, ಕೆರಿಗೆ ಹೊತಗೊಂಡು ಹೋಗತಿದ್ವಿ. ನೀರು ಕುಡದ ಕೌದಿ ಒಬ್ಬರ ಕೈಲಿ ಏಳೂದಿಲ್ಲ, ಇಬ್ಬರು ಎರಡೂ ತುದಿ ಹಿಡದು ತಿರುವಿ ಹಿಂಡಬೇಕು. ಹಬ್ಬದ ಮಡಿಗೆ ಅಂತ ಮಾಡೂದಾದ್ರೂ ಅದರ ಹೊತ್ತು ಬರೋಬ್ಬರಿ ಐತಿ ನೋಡು. ಮಳಿಗಾಲದ ಮುಗ್ಗಲ ವಾಸನಿ, ಧೂಳ, ನುಸಿ ಎಲ್ಲಾ ಹೋಗಿ, ಥಂಡಿ ಹತ್ತೂ ಮುಂಚೆ ಹೊದಿಕಿ ತಯಾರ. ನಿಮ್ಮ ಅಪ್ಪಾರಿಗೆ ದಮ್ಮು ಐತಿ ಅಂದಿ, ಹಂಗಾರ ಇದು ಬಣ್ಣಕ್ಕಿಂತ ಮೊದಲಿನ ಕೆಲಸ. ಒಳಗಿನ ಪದರು ಒಣಗಾಕ ಎರಡು ಬಿಸಲ ಬೇಕ. ಮ್ಯಾಲೆ ಒಣಗೇತಿ ಅಂತ ಮಡಚಿ ಇಟ್ಟ್ರ ನಡುವ ಬೂಸರು ಬರತೈತಿ. ಕೈ ಒತ್ತಿ ನೋಡು, ತಂಪ ಹತ್ತಿದ್ರ ಇನ್ನೂ ಹಸಿ ಐತಿ ಅಂತ ಅರ್ಥ.

ಕೌದಿ ಯಾಕ ಬೆಚ್ಚಗ ಅಂದ್ರ ಅದರ ಪದರಿನ್ಯಾಗ ಗಾಳಿ ಸಿಗಬಿದ್ದಿರತೈತಿ. ಮ್ಯಾಲೆ ಕೆಳಗ ಹಳೇ ಸೀರಿ, ನಡುವ ಧೋತರ, ಲುಂಗಿ, ಹರದ ಅಂಗಿ. ಅಂಚಿನಿಂದ ಹಿಡದು ಸುತ್ತ ಸುತ್ತ ಒಳಗ ಬರೂ ಸಣ್ಣ ಹೊಲಿಗಿ. ಹೊಲಿಗಿ ಭಾಳ ಬಿಗಿಯಾಗಿ ಎಳದ್ರ ಪದರು ಒತ್ತಿ ತಟ್ಟಿನಂಗ ಆಗತೈತಿ, ಬೆಚ್ಚಗ ಇರೂದಿಲ್ಲ. ಸಡಲ ಬಿಟ್ರ ಎರಡ ತೊಳತಕ್ಕ ಒಳಗಿನ ಅರಿವಿ ಗಂಟು ಕಟ್ಟತಾವು. ಬೆರಳ ಹಿಡಿತ ಇದ್ದವರ ಕೌದಿ ಬ್ಯಾರೇನ. ಈಗಿನ ಪಾಲಿಯೆಸ್ಟರ್ ಸೀರಿ ಹಾಕಿ ಹೊಲಿಸಿದ್ದು ನೋಡಾಕ ಚಂದ, ಮೈಗೆ ಬೆವರ ಬರತೈತಿ. ಹತ್ತಿ ಅರಿವಿನೇ ಇರಲಿ.

ಒಂದು ಹಾಸಾಕ, ಒಂದು ಹೊದಿಯಾಕ. ಹಾಸೂದು ಮರೀಬ್ಯಾಡ. ಭಾಳ ಮಂದಿ ಮ್ಯಾಲೆ ಮೂರು ಹೊದಿಕಿ ಹಾಕ್ಕೊಂಡು ಕೆಳಗ ತೆಳು ಗಾದಿ ಮ್ಯಾಲೆ ಮಲಗತಾರ. ಮೈಭಾರಕ್ಕ ಗಾದಿ ಒತ್ತಿ ಥಂಡಿ ಕೆಳಗಿಂದನ ಹತ್ತತೈತಿ.

ಕುರಿ-ಕಂಬಳಿ, ರಾಣೆಬೆನ್ನೂರು

ಅಕ್ಕಾರು ಕೌದಿ ಹೇಳಿದ್ರಿ, ನಮ್ಮ ಮೆಡ್ಲೇರಿ ಕಡೆ ಕಂಬಳಿ ಬಿಡಬ್ಯಾಡ್ರಿ. ಉಣ್ಣಿ ಗುಣ ಏನಂದ್ರ, ತನ್ನ ತೂಕದ ಹೆಚ್ಚು-ಕಡಿಮಿ ಮೂರನೇ ಒಂದು ಪಾಲು ತೇವ ಹೀರಿದ್ರೂ ಮೈಗೆ ಹಸಿ ಅನಸೂದಿಲ್ಲ. ಅದಕ್ಕ ಕುರಿಯವ್ರು ಮಳಿಗೂ ಅದನ್ನ, ಥಂಡಿಗೂ ಅದನ್ನ ಹೊದಿತಾರ. ಹೊಸಾ ಕಂಬಳಿ ಬಿರುಸು ಇರತೈತಿ ಅಂತ ವಾಪಸ್ ಕೊಡತಾರ ಕೆಲವರು. ಆ ಬಿರುಸು ಹುಣಸಿ ಬೀಜದ ಗಂಜೀದು. ನೂಲಿಗೆ ಗಂಜಿ ಹಚ್ಚಿದ್ರ ಮಗ್ಗದ ಮ್ಯಾಲೆ ಎಳಿ ಹರಿಯೂದಿಲ್ಲ. ತಣ್ಣೀರಿನ್ಯಾಗ ಅದ್ದಿ ತಗದ್ರ ಮೆತ್ತಗ ಆಗತಾ ಹೋಗತೈತಿ. ಬಿಸಿ ನೀರು, ವಾಷಿಂಗ್ ಮಷಿನ್ ಎರಡೂ ಬ್ಯಾಡ, ಗಡಸಾಗಿ ಕುಗ್ಗತೈತಿ. ಚರ್ಮಕ್ಕ ಚುಚ್ಚತೈತಿ ಅನ್ನೋರು ಒಳಗ ಧೋತರ ಹೊದ್ದು ಮ್ಯಾಲೆ ಕಂಬಳಿ ಹಾಕ್ರಿ. ತಗದಿಡೂ ಮುಂದ ಬಿಸಲಿಗೆ ಹಾಕಿ, ಬಜಿ ಬೇರು ಇಲ್ಲಾ ಒಣಗಿದ ಬೇವಿನ ತಪ್ಪಲ ಮಡಿಕಿಯೊಳಗ ಇಡ್ರಿ, ನುಸಿ ಮುಟ್ಟೂದಿಲ್ಲ.

ಹಳೇ ವಾಡೆ, ಕುಂದಗೋಳ

ಇಷ್ಟೆಲ್ಲಾ ಯಾಕ್ರಿ? ನಮ್ಮ ಮನಿಯಾಗ ಮುತ್ಯಾನ ಕಾಲದಿಂದ ಥಂಡಿಗೆ ಶೇಗಡಿ ಇಡೂದು. ಇದ್ದಲಿ ನಿಗಿ ಮಾಡಿ ಮಂಚದ ಬುಡಕ ಇಟ್ರ ಖೋಲಿ ಬೆಚ್ಚಗ ಇರತೈತಿ. ಯಾರಿಗೂ ಏನೂ ಆಗಿಲ್ಲ. ಅವರ ಕಾಕಾ ಹೇಳಿದ್ದು ಬರೋಬ್ಬರಿ ಐತಿ.

ದವಾಖಾನಿ ಪಾಳಿ, ಹುಬ್ಬಳ್ಳಿ

ದಯಮಾಡಿ ಇದನ್ನ ಮಾಡಬೇಡ್ರಿ. ನಾನು ನರ್ಸ್. ಕೈ ಮುಗಿದು ಹೇಳ್ತೀನಿ, ಮುಚ್ಚಿದ ಖೋಲಿಯೊಳಗ ಶೇಗಡಿ ಇಟ್ಟು ಮಲಗೋದು ಸಾವಿನ ದಾರಿ.

ಕುಂದಗೋಳದ ಅಣ್ಣಾರ ಮನೆಯಾಗ ಏನೂ ಆಗಿಲ್ಲ ಅಂದ್ರ ಕಾರಣ ಅದ. ಹಳೇ ಮನೆಗೆ ಬೆಳಕಿಂಡಿ ಇತ್ತು, ಬಾಗಿಲದಾಗ ಸಂದು ಇತ್ತು, ಹಂಚಿನ ನಡುವ ಗಾಳಿ ಆಡತಿತ್ತು. ಈಗಿನ ಸ್ಲ್ಯಾಬ್ ಮನೆಯಾಗ ಸರಕಿಸೂ ಕಿಡಕಿ ಹಾಕಿ, ಬಾಗಿಲ ಬುಡಕ ಅರಿವಿ ತುರುಕಿದ್ರ ಗಾಳಿ ಹೋಗಲಿಕ್ಕೆ ಜಾಗಾನೇ ಇಲ್ಲ. ಇದ್ದಲಿ ಪೂರ್ತಿ ಉರಿಯದೇ ಕಾರ್ಬನ್ ಮೊನಾಕ್ಸೈಡ್ ಬಿಡ್ತದ. ಅದಕ್ಕ ವಾಸನಿ ಇಲ್ಲ, ಬಣ್ಣ ಇಲ್ಲ, ಕಣ್ಣು ಉರಿಯೂದಿಲ್ಲ. ರಕ್ತದೊಳಗಿನ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ತದ. ತಲೆ ನೋಯ್ತದ, ವಾಂತಿ ಬಂದಂಗ ಆಗ್ತದ, ಜೋಂಪು ಹತ್ತತದ. ಮಲಗಿದವರಿಗೆ ಇದ್ಯಾವುದೂ ತಿಳಿಯೂದಿಲ್ಲ, ಏಳೂದೇ ಇಲ್ಲ. ಪ್ರತಿ ಚಳಿಗಾಲ ಇಂಥ ಸುದ್ದಿ ಓದತೀವಿ, ಮತ್ತೆ ಮುಂದಿನ ವರ್ಷ ಅದನ್ನೇ ಮಾಡತೀವಿ. ಹೊಗೆ ಇಲ್ಲ ಅಂದ್ರ ಅಪಾಯ ಇಲ್ಲ ಅಂತ ತಿಳೀಬೇಡ್ರಿ. ನಿಗಿ ನಿಗಿ ಕೆಂಡದಿಂದಲೂ ಅದೇ ಗಾಳಿ ಬರ್ತದ. ಗ್ಯಾಸ್ ಗೀಸರ್ ಬಚ್ಚಲದೊಳಗ ಇಟ್ಟವರೂ ಕೇಳ್ರಿ: ಅದನ್ನ ಹೊರಗಿನ ಗೋಡೆಗೆ ಹಾಕಿಸ್ರಿ, ಬಚ್ಚಲ ಕಿಂಡಿ ಮುಚ್ಚಬೇಡ್ರಿ.

ಯಾರಾದ್ರೂ ಹಂಗ ಬಿದ್ದಿದ್ದು ಕಂಡ್ರ ಬಾಗಿಲ-ಕಿಡಕಿ ತೆರೆದು ಅವರನ್ನ ಹೊರಗಿನ ಗಾಳಿಗೆ ತಂದು 108ಕ್ಕೆ ಫೋನ್ ಹಚ್ಚರಿ.

ಅಪ್ಪ-ಅವ್ವಗ ಬಿಸಿನೀರಿನ ರಬ್ಬರ್ ಚೀಲ ಅರಿವಿಯೊಳಗ ಸುತ್ತಿ ಹಾಸಿಗೆಯೊಳಗ ಮೊದಲೇ ಇಟ್ಟು, ಮಲಗುವಾಗ ತೆಗೀರಿ. ಸಕ್ಕರೆ ಕಾಯಿಲೆ ಇದ್ದವರ ಪಾದಕ್ಕ ಸುಡೋದು ತಿಳಿಯೂದಿಲ್ಲ, ಅದಕ್ಕ ಕಾಲ ಹತ್ರ ಬಿಡಬಾರದು. ಉಣ್ಣೆ ಕಾಲುಚೀಲ, ತಲೆಗೆ ಟೊಪ್ಪಿಗೆ ಇವೇ ಭಾಳ ಕೆಲಸ ಮಾಡ್ತಾವ.

ಹಳೇ ವಾಡೆ, ಕುಂದಗೋಳ

ಆತ್ರಿ ಅಕ್ಕಾರ. ಬೆಳಕಿಂಡಿ ಮಾತು ನನಗ ಹೊಳದಿರಲಿಲ್ಲ. ತಮ್ಮ ಹೊಸಾ ಮನಿ ಕಟ್ಟಿಸ್ಯಾನ, ಅವನ ಹೆಂಡತಿ ಈಗ ಬಾಣಂತಿ. ಅಲ್ಲಿ ಖೋಲಿಯಾಗ ಬೆಂಕಿ ಇಡೂದು ನಾಳೆನ ಬಿಡಸ್ತೀನಿ.

ವಿಜ್ಞಾನ ಮಾಸ್ತರ, ಗದಗ

ಬೆಂಕಿ ಬೇಡ ಅಂದ್ರ ಶಾಖ ಎಲ್ಲಿಂದ ತರೋದು? ಪುಕ್ಕಟೆ ಶಾಖ ದಿನಾ ಮನೆ ಮುಂದ ಬಂದು ನಿಲ್ತದ, ನಾವು ಒಳಗ ಕರೆಯೂದಿಲ್ಲ.

ನಮ್ಮ ಊರುಗಳು ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಾಗ ಅವ. ಮೇ ಮೊದಲ ವಾರದಿಂದ ಆಗಸ್ಟ್ ಎರಡನೇ ವಾರದ ತನಕ ನಡುಹಗಲ ಸೂರ್ಯ ನಮ್ಮ ನೆತ್ತಿಗಿಂತ ಉತ್ತರಕ್ಕ ಇರ್ತಾನ. ಈಗ ದಕ್ಷಿಣಕ್ಕ ಜಾರತಾ ಹೋಗಿ ಡಿಸೆಂಬರ್ 21-22ರ ಹೊತ್ತಿಗೆ ನಡುಹಗಲೂ ಸುಮಾರು 51 ಡಿಗ್ರಿ ಎತ್ತರದಾಗ ಮಾತ್ರ ಇರ್ತಾನ. ಅಂದ್ರ ದಕ್ಷಿಣದ ಕಿಡಕಿಯೊಳಗ ಬಿಸಿಲು ಬೀಳೋದು ಥಂಡಿಗಾಲದಾಗೇ. ಎರಡು ಅಡಿ ಚಜ್ಜಾ ಇದ್ದರೂ ಅದರ ನೆರಳು ಎರಡೂವರೆ ಅಡಿಗೆ ನಿಲ್ತದ. ನಾಲ್ಕು ಅಡಿ ಎತ್ತರದ ಕಿಡಕಿ ಆದ್ರ ಕೆಳಗಿನ ಒಂದೂವರೆ ಅಡಿಯಿಂದ ನಡುಹಗಲಿನ ಬಿಸಿಲು ಒಳಗ ಬರ್ತದ, ಬೆಳಿಗ್ಗೆ-ಸಂಜಿಗೆ ಅದಕ್ಕಿಂತ ಹೆಚ್ಚು. ಆ ಕಿಡಕಿ ಮುಂದ ಕಪಾಟ ಇದ್ದರ ಸರಿಸ್ರಿ, ಪರದೆ ಹತ್ತು ಗಂಟೆಗೆ ತೆರೀರಿ. ಬಿಸಿಲು ಇಳಿದ ಕೂಡಲೇ, ನಾಲ್ಕೂವರೆ-ಐದರ ಹೊತ್ತಿಗೆ ಕಿಡಕಿ ಮುಚ್ಚಿ ದಪ್ಪ ಪರದೆ ಎಳೀರಿ. ಏಳು ಗಂಟೆಗೆ ಮುಚ್ಚಿದ್ರ ಒಳಗಿನ ಬಿಸುಪು ಅಷ್ಟರಾಗ ಹೋಗಿರ್ತದ.

ಹಾಗಾಗಿ ನನ್ನ ಮೊದಲ ಸಲಹೆ: ಮೂರು ತಿಂಗಳ ಮಟ್ಟಿಗೆ ಅಪ್ಪ-ಅವ್ವನ ಮಂಚ ಉತ್ತರದ ಖೋಲಿಯಿಂದ ತೆಗೀರಿ. ಆ ಖೋಲಿಗೆ ಥಂಡಿಗಾಲದಾಗ ಬಿಸಿಲೇ ಇಲ್ಲ. ನೈಋತ್ಯದ ಕಡೆ ಖೋಲಿ ಇದ್ದರ ಅದು ಉತ್ತಮ, ಯಾಕಂದ್ರ ಈ ಕಾಲದಾಗ ಸೂರ್ಯ ಮುಳುಗೋದು ನೈಋತ್ಯದ ಕಡೆ ವಾಲಿ. ಮಧ್ಯಾಹ್ನ ಪೂರ್ತಿ ಕಾದ ಗೋಡೆ ರಾತ್ರಿ ಮೆಲ್ಲಗ ಶಾಖ ಬಿಡ್ತದ. ವಾಸ್ತು ಹೇಳೋರು ಮನೆ ಹಿರಿಯರಿಗೆ ಅದೇ ಖೋಲಿ ಕೊಡ್ತಾರ. ಥಂಡಿಗೆ ಅದು ಹೊಂದತದ, ಆದ್ರ ಏಪ್ರಿಲ್‌ನಾಗ ಅದೇ ಖೋಲಿ ಕುದೀತದ. ಹೋಳಿ ಹೊತ್ತಿಗೆ ಮಂಚ ಮತ್ತ ಉತ್ತರಕ್ಕ ಒಯ್ಯಿರಿ.

ನಿಮ್ಮ ಅವ್ವಾರು ಮಾಳಗಿ ಮನಿ ಬೆಚ್ಚಗಿತ್ತು ಅಂತ ಅಂದ್ರ ಅದು ಬರೇ ಊರಿನ ನೆನಪಲ್ಲ, ಖರೆ ಮಾತು. ದಪ್ಪ ಮಣ್ಣಿನ ಒಳಗ ಶಾಖ ದಾಟಲಿಕ್ಕೆ ತಾಸುಗಟ್ಟಲೆ ಬೇಕು, ಹಗಲಿನ ಬಿಸಿಲು ನಸುಕಿಗೆ ಒಳಗ ಮುಟ್ಟತದ. ನಾಲ್ಕೈದು ಇಂಚಿನ ಸ್ಲ್ಯಾಬು ಸಂಜಿಗೇ ಕಾದು, ಮೋಡ ಇಲ್ಲದ ರಾತ್ರಿ ಆಕಾಶಕ್ಕ ಶಾಖ ಚೆಲ್ಲಿ ನಸುಕಿಗೆ ತಣ್ಣಗಾಗಿರ್ತದ. ಚಿಕ್ಕಿ ಸ್ಪಷ್ಟ ಕಾಣೂ ರಾತ್ರಿ ಥಂಡಿ ಜಾಸ್ತಿ, ಮೋಡ ಇದ್ದರ ಕಡಿಮೆ. ಮುಂದೆ ಎಂದಾದ್ರೂ ಮೇಲಿನ ಮಹಡಿ ಕಟ್ಟಿದ್ರ ಈ ತ್ರಾಸು ತಾನೇ ಹೋಗ್ತದ.

ಕೆಲಗೇರಿ ರಸ್ತೆ, ಧಾರವಾಡ

ಮಾಸ್ತರ, ಇದು ಯಾರೂ ಹೇಳಿರಲಿಲ್ಲ. ನೈಋತ್ಯದ ಖೋಲಿ ಮಕ್ಕಳ ಓದೂ ಖೋಲಿ. ಮಕ್ಕಳು ಒಪ್ಪಿದ್ರು, ಭಾನುವಾರ ಮಂಚ ಬದಲಾಯಿಸಿದ್ವಿ. ಅವ್ವ ಕೌದಿ ಎರಡೂ ತೊಳೆದು ಹಾಕ್ಯಾಳ, ಬೆಟಗೇರಿ ಅಕ್ಕಾರಿಗೆ ಹೇಳು ಅಂದ್ಲು. ನೆಲದ ಥಂಡಿ ಹೆಂಗ ಮಾಡೂದು? ಟೈಲ್ಸ್ ಮ್ಯಾಲೆ ಕಾಲಿಟ್ಟರ ಅಪ್ಪಗ ಸೀನು ಶುರು ಆಗ್ತಾವ.

ಮಗ್ಗದ ಓಣಿ, ಬೆಟಗೇರಿ

ನವಲಗುಂದದವರಾಗಿ ಕೇಳೂ ಮಾತೇನು ತಮ್ಮಾ, ನಿಮ್ಮೂರ ಜಮಖಾನಿ ಹಾಸು! ಹತ್ತಿ ನೂಲಿಂದು, ನವಿಲ ಚಿತ್ತಾರದ್ದು. ಹೆಣ್ಮಕ್ಕಳ ಕೈಯಿಂದನ ನೇದದ್ದು.

ದವಾಖಾನಿ ಪಾಳಿ, ಹುಬ್ಬಳ್ಳಿ

ಜಮಖಾನಿ ಛಲೋ, ಆದ್ರ ಬರೇ ಟೈಲ್ಸ್ ಮೇಲೆ ಹಾಸಿದ್ರ ಜಾರತದ. ಮುದುಕರು ರಾತ್ರಿ ಎದ್ದು ಬಚ್ಚಲಕ್ಕ ಹೋಗುವಾಗ ಅಂಚಿಗೆ ಕಾಲು ಸಿಕ್ಕು ಬಿದ್ದು ತೊಡೆ ಎಲುಬು ಮುರಿದುಕೊಂಡವರನ್ನ ಭಾಳ ನೋಡೀನಿ. ಕೆಳಗ ರಬ್ಬರ್ ಜಾಳಿಗೆ ಹಾಸ್ರಿ, ಇಲ್ಲಾ ಅಂಚು ಮಂಚದ ಕಾಲ ಬುಡಕ ಒತ್ತಿಸ್ರಿ. ಬಚ್ಚಲದ ತನಕ ಸಣ್ಣ ದೀಪ ಇರಲಿ.

ಬಡಿಗತನ, ಶಿರಹಟ್ಟಿ

ಬಾಗಲಾ ಮಾತು ಯಾರೂ ಎತ್ತಿಲ್ಲ. ಮಳಿಗಾಲದಾಗ ಕಟಗಿ ಉಬ್ಬಿ ಬಾಗಲಾ ಬಿಗಿ ಆಗೇತಿ ಅಂತ ರಂದಾ ಹೊಡಸಾಕ ಕರೀತಾರ. ಹೊಡಸಬ್ಯಾಡ್ರಿ. ಥಂಡಿಗೆ ಮೂಡಗಾಳಿ ಒಣ ಇರತೈತಿ, ಕಟಗಿ ತಾನ ಕುಗ್ಗತೈತಿ. ಮಳಿಗಾಲದಾಗ ತಗದ ಕಟಗಿ ಥಂಡಿಗಾಲದಾಗ ಸಂದು ಆಗತೈತಿ. ದೀಪಾವಳಿ ದಾಟಿದ ಮ್ಯಾಲೆ ನೋಡಿ ಬೇಕಾದ್ರ ಅಷ್ಟ ಹೊಡಸ್ರಿ.

ಬಾಗಲಾ ಬುಡಕಿನ ಸಂದು ಸಣ್ಣದು ಅನಸತೈತಿ. ಮೂರು ಅಡಿ ಬಾಗಲಾಕ ಒಂದು ಸೆಂಟಿಮೀಟರ್ ಸಂದು ಇದ್ರ ಒಟ್ಟು 90 ಚದರ ಸೆಂಟಿಮೀಟರ್ ಆತು. ಗೋಡಿಯೊಳಗ ಅಂಗೈ ಅಗಲದ ತೂತು ಬಿಟ್ಟಂಗ ಲೆಕ್ಕ. ಹೊರಗಿನ ಬಾಗಲಾಕ ಬುಡಕ ರಬ್ಬರ್ ಪಟ್ಟಿ ಬಡೀರಿ. ಒಳಗಿನ ಬಾಗಲಾಕ ಬ್ಯಾಡ, ಮನಿಯೊಳಗ ಗಾಳಿ ಆಡಬೇಕು. ಮ್ಯಾಲಿನ ವೆಂಟಿಲೇಟರ್ ಒಂದಾರ ತೆರದಿರಲಿ. ಅಲ್ಯುಮಿನಿಯಂ ಕಿಡಕಿಯಾಗ ಬ್ರಶ್ ಪಟ್ಟಿ ಸವದಿದ್ರ ಬದಲಾಯಿಸ್ರಿ, ಮೀಟರ್ ಲೆಕ್ಕದಾಗ ಸಿಗತೈತಿ. ಕೆಳಗಿನ ಹಳಿಯೊಳಗ ಸಣ್ಣ ತೂತು ಇರತಾವು, ಅವು ಮಳಿನೀರು ಹೊರಗ ಹೋಗಾಕ. ಗಾಳಿ ಬರತೈತಿ ಅಂತ ಅವನ್ನ ಮುಚ್ಚಬ್ಯಾಡ್ರಿ.

ಮೆಣಸಿನಕಾಯಿ ಪ್ಯಾಟಿ, ಬ್ಯಾಡಗಿ

ಬಡಿಗೇರ ಅಣ್ಣಾರ ಮಾತಿಗೆ ಸೇರಿಸ್ತೀನಿ. ಹೊಲದಾಗ ಸುಗ್ಗಿ ಆದ ಮ್ಯಾಲೆ ಇಲಿ, ಹೆಗ್ಗಣ ಮನಿ ಕಡೆ ಬರತಾವು. ಬಚ್ಚಲ ಕಿಂಡಿಗೆ ತಂತಿ ಜಾಳಿಗಿ ಹಾಕಿದ್ರ ಗಾಳಿನೂ ಆಡತೈತಿ, ಅವೂ ಬರೂದಿಲ್ಲ. ನಮ್ಮ ಕಡೆ ಜನವರಿಯಿಂದ ಮೆಣಸಿನಕಾಯಿ ಘಾಟು ಬ್ಯಾರೆ ಇರತೈತಿ. ದಮ್ಮಿನವರು ಇರೂ ಮನಿಯಾಗ ಪ್ಯಾಟಿ ದಿಕ್ಕಿನ ಕಿಡಕಿ ಹಗಲ ಮುಚ್ಚಿ ಇನ್ನೊಂದು ಕಡೆಯಿಂದ ಬಿಸಲ ತಗೋತೀವಿ.

ವೈರಿಂಗ್ ಕೆಲಸ, ನವನಗರ

ಹೀಟರ್ ಬಗ್ಗೆ ಕೇಳಿದ್ದಿರಿ, ಲೆಕ್ಕ ಹೇಳ್ತೀನಿ. 2000 ವಾಟ್ ಹೀಟರ್ ತಾಸಿಗೆ 2 ಯೂನಿಟ್ ತಿಂತದ. ರಾತ್ರಿ ಐದು ತಾಸು ಹಚ್ಚಿದ್ರ ದಿನಕ್ಕ 10, ತಿಂಗಳಿಗೆ 300 ಯೂನಿಟ್. ಗೃಹಜ್ಯೋತಿಯೊಳಗ ಇದ್ದವರು 200 ಯೂನಿಟ್ ದಾಟಿದ್ರ ಪೂರ್ತಿ ಬಿಲ್ ತಾವೇ ಕಟ್ಟಬೇಕು. ಮಲಗೂ ಮುಂಚೆ ಅರ್ಧ ತಾಸು ಖೋಲಿ ಕಾಯಿಸಿ ಆರಿಸಿಬಿಟ್ರ ಸಾಕು. ಎಕ್ಸ್‌ಟೆನ್ಶನ್ ಬಾಕ್ಸಿಗೆ ಹಚ್ಚಬೇಡ್ರಿ, 16 ಆಂಪ್ ಸಾಕೆಟ್‌ಗೇ ನೇರ ಹಚ್ಚರಿ. ಹಾಸಿಗೆ-ಪರದೆಯಿಂದ ಮೂರು ಅಡಿ ದೂರ ಇರಲಿ, ಅದರ ಮೇಲೆ ಬಟ್ಟೆ ಒಣಹಾಕೋದು ಬೇಡ.

ಹೀಟರಿಗಿಂತ ನನಗ ಹೆಚ್ಚು ಚಿಂತೆ ಬಕೆಟ್ಟಿನೊಳಗ ಹಾಕೂ ರಾಡಿಂದು. ಥಂಡಿ ಹತ್ತಿದ ಕೂಡಲೇ ಎಲ್ಲಾ ಮನೆಯಾಗ ಹೊರಗ ಬರ್ತದ. ಮೊದಲು ನೀರು, ಆಮೇಲೆ ರಾಡ್, ಆಮೇಲೆ ಸ್ವಿಚ್. ನೀರು ಮುಟ್ಟೂ ಮುಂಚೆ ಸ್ವಿಚ್ ಆರಿಸಿ ಪ್ಲಗ್ಗೂ ಕೀಳ್ರಿ. ಕಬ್ಬಿಣದ ಬಕೆಟ್ ಬೇಡವೇ ಬೇಡ. ಮನೆಗೆ 30 ಮಿಲಿಆಂಪಿನ ಆರ್‌ಸಿಸಿಬಿ ಹಾಕಿಸ್ರಿ. ಕರೆಂಟ್ ಸೋರಿದ ಕೂಡಲೇ ಲೈನ್ ಕಡೀತದ. ಅದರ ಮೇಲಿನ ಪರೀಕ್ಷೆ ಗುಂಡಿ ತಿಂಗಳಿಗೊಮ್ಮೆ ಒತ್ತಿ ನೋಡ್ರಿ.

ಕೆಲಗೇರಿ ರಸ್ತೆ, ಧಾರವಾಡ

ಹೀಟರ್ ಸದ್ಯಕ್ಕ ತರೂದಿಲ್ಲ ಅಂತ ಆತು. ಪಾತಿ ಮಣ್ಣು ತಗಸೀವಿ, ಕಾಂಕ್ರೀಟ್ ಪಟ್ಟಿ ಸ್ವಾತಿ ಮಳಿ ನೋಡಿಕೊಂಡು ಹಾಕಸ್ತೀವಿ. ಒಂದ ಉಳೀತು: ಸೋಲಾರ್ ನೀರು. ಹೋದ ಥಂಡಿಗಾಲದಾಗ ಎಂಟು ಗಂಟೆಗೆ ಬರೇ ಉಗುರುಬೆಚ್ಚಗ ಬರತಿತ್ತು. ಬೋರಿನ ನೀರು, ಗಾಜಿನ ಕೊಳವಿದು.

ಸೋಲಾರ್ ರಿಪೇರಿ, ಗದಗ

ಮೂರು ಕಡೆ ನೋಡ್ರಿ ಸರ. ಒಂದು ಒಳಗಿನ ಸುಣ್ಣ. ಬೋರಿನ ಸವಳು ನೀರಿನ ಸುಣ್ಣ ಕೊಳವಿ ತಳಕ್ಕ ಕೂತಿರತೈತಿ. ಟ್ಯಾಂಕಿನ ಬುಡದ ವಾಲ್ವ್ ಬಿಟ್ಟು ಕೆಸರು ಹರಿಸ್ರಿ. ಭಾಳ ಕಟ್ಟಿದ್ರ ಕೊಳವಿ ಬಿಚ್ಚಿ ತೊಳಿಬೇಕು, ಅದು ಕಲತವರ ಕೆಲಸ. ಎರಡು ಗಾಜಿನ ಮ್ಯಾಲಿನ ಧೂಳ. ಹೊತ್ತು ಏರೂದರೊಳಗ ಒರಸ್ರಿ. ಬಿಸಲಿಗೆ ಕಾದ ಖಾಲಿ ಕೊಳವಿಗೆ ತಣ್ಣೀರು ಬಿಟ್ರ ಒಡೀತೈತಿ, ನೆನಪಿರಲಿ.

ಮೂರನೇದು ನೆರಳು, ಇದನ್ನ ಯಾರೂ ನೋಡೂದಿಲ್ಲ. ಮಾಸ್ತರು ಹೇಳಿದಂಗ ಸೂರ್ಯ ದಕ್ಷಿಣಕ್ಕ ಜಾರಿರತಾನ. ನಿಮ್ಮ ಸೋಲಾರಿಗಿಂತ ಹತ್ತು ಅಡಿ ಎತ್ತರದ ಮನಿಯೋ ಗಿಡವೋ ಸೂರ್ಯನ ಕಡೆಗೆ ಇದ್ರ ನಡುಹಗಲ ಅದರ ನೆರಳು ಎಂಟು ಅಡಿ, ಮುಂಜಾನೆ ಒಂಬತ್ತಕ್ಕ ಇಪ್ಪತ್ತು ಅಡಿ. ಬ್ಯಾಸಗಿಯಾಗ ಸರಿ ಇದ್ದ ಸೋಲಾರ್ ಥಂಡಿಗಾಲದಾಗ ಕೈಕೊಡೂದು ಇದಕ್ಕ. ಡಿಸೆಂಬರದಾಗ ಒಮ್ಮೆ ಒಂಬತ್ತಕ್ಕ ಮ್ಯಾಲೆ ಹತ್ತಿ ನೋಡ್ರಿ.

ಕೆಲಗೇರಿ ರಸ್ತೆ, ಧಾರವಾಡ

ದಕ್ಷಿಣಕ್ಕ ಬಾಜೂಕಿನವರು ಹೋದ ವರ್ಷ ಮಹಡಿ ಏರಿಸ್ಯಾರ. ಅದೇ ಇರಬೇಕು. ಸ್ಟ್ಯಾಂಡ್ ಉತ್ತರದ ಅಂಚಿಗೆ ಸರಿಸಿದ್ರ ನಡೀತದೇನ್ರಿ?

ಸೋಲಾರ್ ರಿಪೇರಿ, ಗದಗ

ನಡೀತೈತಿ. ಟ್ಯಾಂಕ್ ತುಂಬಿದಾಗಿನ ಭಾರ ಕೆಳಗ ತೊಲೆ ಇದ್ದ ಜಾಗಕ್ಕ ಬರೂ ಹಂಗ ಇಡಸ್ರಿ. ಬಚ್ಚಲ ತನಕ ಪೈಪ್ ಉದ್ದ ಆಗತೈತಿ, ಅದಕ್ಕ ಫೋಮ್ ಸುತ್ತಸ್ರಿ. ಇಲ್ಲಾಂದ್ರ ಪೈಪಿನ್ಯಾಗ ನಿಂತ ತಣ್ಣೀರು ಬಿಟ್ಟ ಮ್ಯಾಲೆ ಬಿಸಿ ಬರತೈತಿ. ಆ ತಣ್ಣೀರು ಚೆಲ್ಲಬ್ಯಾಡ್ರಿ, ಅವ್ವಾರ ಸೇವಂತಿಗಿಗೆ ಹಾಕ್ರಿ. ಕಂಪೌಂಡ್ ಕಡೆ ಹಚ್ಚಿದ ಮ್ಯಾಲೆ.